ಲಸಿಕೆಯ ಪ್ರಯೋಗಕ್ಕೆ ಮೈಯೊಡ್ಡಿದವರ ಮನಸ್ಸು: ಒಂದು ಚಾರಿತ್ರಿಕ ಅವಲೋಕನ

ಲಸಿಕೆಯ ಚರಿತ್ರೆಯನ್ನು ಕುರಿತ ಬರವಣಿಗೆಗಳು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ದಾಖಲಿಸುತ್ತವೆ. ಲಸಿಕೆಯನ್ನು ಕಂಡುಹಿಡಿದ ವಿಜ್ಞಾನಿಯ ಸಾಧನೆ ಮೊದಲನೆಯದು. ಅದರಿಂದ ತಗ್ಗಿದ ಸಾವುನೋವುಗಳ ಲೆಕ್ಕ ಎರಡನೆಯದು. ಅದನ್ನು ಜನತೆಗೆ ತಲುಪಿಸಿದ ಸರ್ಕಾರಗಳ ಕಾಯಿದೆ ಕಟ್ಟಳೆಗಳು ಮೂರನೆಯದು. ಇನ್ನೂ ಗುಣ ರುಜುವಾತಾಗದ ಮದ್ದಿಗೆ ಎಲ್ಲರಿಗಿಂತ ಮೊದಲು ಮೈಯೊಡ್ಡಿದ ವ್ಯಕ್ತಿ ಈ ಮೂರರ ನಡುವೆ ಮರೆಯಾಗಿಬಿಡುತ್ತಾನೆ. ಅವನ ಮೈಯಲ್ಲಿ ಜ್ವರ ಎಷ್ಟು ಏರಿತು, ತೋಳು ಎಷ್ಟು ಊದಿತು ಎಂಬುದು ದಾಖಲೆಗಳಲ್ಲಿ ಸಿಗುತ್ತದೆ. ಅವನು ಎಷ್ಟು ಹೆದರಿದ್ದನು, ಯಾರನ್ನು ನಂಬಿ ಬಂದನು, ಪ್ರಯೋಗ ಮುಗಿದ ಮೇಲೆ ಯಾವ ಭಾವದಿಂದ ಮನೆಗೆ ಮರಳಿದನು ಎಂಬುದು ಸಿಗುವುದು ವಿರಳ.

ಇಂದು ಲಸಿಕೆಯ ಪ್ರಯೋಗಕ್ಕೆ ಸೇರುವ ಸ್ವಯಂಸೇವಕರ ಮಾನಸಿಕ ತಪಾಸಣೆ ಮತ್ತು ಆಪ್ತಸಮಾಲೋಚನೆಗಳು ವೈದ್ಯಕೀಯ ನೀತಿಶಾಸ್ತ್ರದ ಹೊಸ ಕೊಡುಗೆಗಳೆಂದು ಪರಿಗಣಿತವಾಗಿವೆ. ಆದರೆ ಅಪಾಯವನ್ನು ಬರಮಾಡಿಕೊಳ್ಳಲಿರುವ ವ್ಯಕ್ತಿಯನ್ನು ಮೊದಲು ಪರಿಶೀಲಿಸಬೇಕು, ಅಪಾಯದ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು, ಅಪಾಯ ಕಳೆದಾಗ ಅದನ್ನು ಸ್ಪಷ್ಟವಾಗಿ ಸಾರಿ ಮುಗಿಸಬೇಕು ಎಂಬ ತಿಳಿವಳಿಕೆ ಭಾರತದ ಜನಪದ ವೈದ್ಯ ಪರಂಪರೆಗೆ ಹೊಸದಲ್ಲ. ಆ ತಿಳಿವಳಿಕೆಯು ಆಧುನಿಕ ಲಸಿಕೆಯ ಆಗಮನದೊಂದಿಗೆ ಹೇಗೆ ಕಳಚಿಹೋಯಿತು, ಎರಡು ಶತಮಾನಗಳ ತರುವಾಯ ಯಾವ ಪ್ರಮಾಣದಲ್ಲಿ ಮರಳಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಟೀಕಾದಾರನ ವಿಧಿ

ಜೆನ್ನರನ ಗೋಸಿಡುಬಿನ ಲಸಿಕೆ ಬರುವುದಕ್ಕೆ ಮೊದಲೇ ಬಂಗಾಳ, ಬಿಹಾರ, ಒಡಿಶಾ ಮೊದಲಾದ ಪ್ರದೇಶಗಳಲ್ಲಿ ಸಿಡುಬಿನ ಕೀವನ್ನೇ ಆರೋಗ್ಯವಂತರ ಮೈಗೆ ಸೇರಿಸಿ, ಸೌಮ್ಯವಾದ ಸಿಡುಬನ್ನು ತರಿಸುವ ಪದ್ಧತಿ ರೂಢಿಯಲ್ಲಿತ್ತು. ಇದನ್ನು ಮಾಡುತ್ತಿದ್ದವರಿಗೆ ಟೀಕಾದಾರರೆಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸೇವೆಯಲ್ಲಿದ್ದ ವೈದ್ಯ ಜೆ. ಜೆಡ್. ಹಾಲ್ವೆಲ್ 1767ರಲ್ಲಿ ಲಂಡನ್ನಿನ ವೈದ್ಯರ ಸಂಘದ ಮುಂದೆ ಈ ಪದ್ಧತಿಯನ್ನು ಕುರಿತು ಒಂದು ವಿವರವಾದ ವರದಿಯನ್ನು ಮಂಡಿಸಿದನು. ಪದ್ಧತಿಯನ್ನು ತನ್ನ ದೇಶದ ವೈದ್ಯರಿಗೆ ಶಿಫಾರಸು ಮಾಡುವ ಉದ್ದೇಶ ಅವನಿಗಿದ್ದುದರಿಂದ ಅವನ ಮೆಚ್ಚುಗೆಯ ಮಾತುಗಳನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಆದರೂ ವಿಧಿಯ ಕ್ರಮವನ್ನು ತಿಳಿಯಲು ಅದು ಮಹತ್ವದ ಆಕರ.

ಹಾಲ್ವೆಲ್ ಹೇಳುವಂತೆ ಟೀಕೆ ಹಾಕಿಸಿಕೊಳ್ಳುವವರು ಸುಮಾರು ಒಂದು ತಿಂಗಳು ಮುಂಚಿನಿಂದ ಮೀನು, ಹಾಲು, ತುಪ್ಪಗಳನ್ನು ಬಿಡಬೇಕಾಗಿತ್ತು. ಟೀಕಾದಾರನು ಮನೆಮನೆಗೆ ಬಂದಾಗ ಈ ಪಥ್ಯ ಸರಿಯಾಗಿ ನಡೆದಿದೆಯೇ ಎಂದು ಕಟ್ಟುನಿಟ್ಟಾಗಿ ವಿಚಾರಿಸುತ್ತಿದ್ದನು. ನಡೆಯದಿದ್ದವರಿಗೆ ಟೀಕೆ ಹಾಕಲು ನಿರಾಕರಿಸುತ್ತಿದ್ದನು. ಮಕ್ಕಳಿಗೆ ಎಷ್ಟು ಬೊಕ್ಕೆಗಳು ಏಳಬೇಕೆಂದು ತಂದೆತಾಯಿಗಳನ್ನು ಕೇಳುವುದೂ ಉಂಟೆಂದು ಅವನು ದಾಖಲಿಸಿದ್ದಾನೆ. ಬಳಸುತ್ತಿದ್ದ ಕೀವು ಹೊಸ ರೋಗಿಯದಲ್ಲ, ಹಿಂದಿನ ವರ್ಷ ಟೀಕೆ ಹಾಕಿಸಿಕೊಂಡವರದು. ಕೆಲಸದುದ್ದಕ್ಕೂ ಮಂತ್ರಪಠಣ, ಗಾಯಕ್ಕೆ ಗಂಗಾಜಲದ ಸ್ಪರ್ಶ, ಆಮೇಲಿನ ದಿನಗಳಲ್ಲಿ ಮೈಮೇಲೆ ತಣ್ಣೀರು ಸುರಿಯುವುದು, ಬಾಳೆಹಣ್ಣು, ಕಬ್ಬು, ಕಲ್ಲಂಗಡಿ, ಗಸಗಸೆಯ ಗಂಜಿಯಂತಹ ತಂಪಿನ ಆಹಾರ, ಗುಣವಾದ ಬಳಿಕ ದೇವಿಗೆ ಕೃತಜ್ಞತೆಯ ಪೂಜೆ, ಇವೆಲ್ಲವೂ ಒಂದೇ ವಿಧಿಯ ಅಂಗಗಳಾಗಿದ್ದವು.

ಈ ವಿವರಗಳನ್ನು ಕೇವಲ ಮೂಢನಂಬಿಕೆಯ ಅಥವಾ ಕೇವಲ ವೈದ್ಯದ ದೃಷ್ಟಿಯಿಂದ ನೋಡಿದರೆ ಅವುಗಳ ಕಾರ್ಯ ತಿಳಿಯುವುದಿಲ್ಲ. ತಿಂಗಳ ಪಥ್ಯವು ವ್ಯಕ್ತಿ ಹಾಗೂ ಮನೆಮಂದಿಯ ಮನಸ್ಸನ್ನು ಬರಲಿರುವ ಅಪಾಯಕ್ಕೆ ಅಣಿಗೊಳಿಸುತ್ತಿತ್ತು. ಬಾಗಿಲಲ್ಲಿ ನಡೆಯುವ ವಿಚಾರಣೆಯು ಅಣಿಯಾಗದವರನ್ನು ಹೊರಗಿಡುತ್ತಿತ್ತು. ಬೊಕ್ಕೆಗಳೆಷ್ಟು ಎಂಬ ಪ್ರಶ್ನೆಯ ವೈದ್ಯಕೀಯ ಬೆಲೆ ಏನೇ ಇರಲಿ, ಅದು ತಂದೆತಾಯಿಗಳನ್ನು ನಿರ್ಧಾರದಲ್ಲಿ ಪಾಲುದಾರರನ್ನಾಗಿಸುತ್ತಿತ್ತು. ಕೊನೆಯ ಪೂಜೆಯು ಅಪಾಯ ಕಳೆದುದನ್ನು ಎಲ್ಲರಿಗೂ ತಿಳಿಯುವಂತೆ ಸಾರುತ್ತಿತ್ತು.

ಕನ್ನಡ ನಾಡಿನಲ್ಲಿ ಸಿಡುಬು ಎದ್ದ ಮನೆಯ ಆಚರಣೆಗಳಲ್ಲಿಯೂ ಇದೇ ವಿನ್ಯಾಸವನ್ನು ಗುರುತಿಸಬಹುದು. ಇಲ್ಲಿ ರೋಗ ತಾನಾಗಿ ಬಂದದ್ದು, ಬರಮಾಡಿಕೊಂಡದ್ದಲ್ಲ ಎಂಬ ವ್ಯತ್ಯಾಸವನ್ನು ಮರೆಯಬಾರದು. ‘ಅಮ್ಮ ಬಂದಿದ್ದಾಳೆ’ ಎಂಬ ಮಾತಿನಲ್ಲಿಯೇ ರೋಗವು ಶತ್ರುವಿನ ಸ್ಥಾನದಿಂದ ಅತಿಥಿಯ ಸ್ಥಾನಕ್ಕೆ ಬರುತ್ತದೆ. ಬಾಗಿಲಿಗೆ ಬೇವಿನ ಸೊಪ್ಪು, ಒಲೆಯಲ್ಲಿ ಒಗ್ಗರಣೆಯ ನಿಷೇಧ, ರೋಗಿಯ ಬಳಿ ಸದಾ ಒಬ್ಬರ ಕಾವಲು, ಇಳಿದ ಮೇಲೆ ತಲೆಗೆ ನೀರೆರೆದು ಅಮ್ಮನಿಗೆ ಮೊಸರನ್ನದ ಎಡೆ, ಹೀಗೆ ಆರಂಭ, ನಡು, ಮುಕ್ತಾಯಗಳು ಖಚಿತವಾಗಿದ್ದವು. ರೋಗಿಗೆ ಮುಂದೇನಾಗುವುದೆಂಬುದು ತಿಳಿಯದಿದ್ದರೂ ಮುಂದೇನು ಮಾಡಬೇಕೆಂಬುದು ಸುತ್ತಲಿನವರಿಗೆ ತಿಳಿದಿತ್ತು.

2. ಮೈ ಮಾತ್ರ ಬೇಕಾದ ಕಾಲ

ಇದೇ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳು ಬೇರೊಂದು ದಾರಿಯನ್ನು ಹಿಡಿದವು. 1721ರ ಆಗಸ್ಟ್ 9ರಂದು ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರು ಗಂಡಸರು, ಮೂವರು ಹೆಂಗಸರ ಮೇಲೆ ಸಿಡುಬಿನ ಕೀವನ್ನು ಪ್ರಯೋಗಿಸಲಾಯಿತು. ಬದುಕಿದರೆ ಬಿಡುಗಡೆ ಎಂಬುದು ಒಪ್ಪಂದ. ಆರೂ ಜನ ಬದುಕಿ ಹೊರಬಂದರು. ಅವರಲ್ಲಿ ಹತ್ತೊಂಬತ್ತು ವರ್ಷದ ಯುವತಿಯೊಬ್ಬಳನ್ನು ಪರೀಕ್ಷೆಯ ಮುಂದುವರಿಕೆಯಾಗಿ ಸಿಡುಬಿನ ರೋಗಿಗಳ ಶುಶ್ರೂಷೆಗೆ ಕಳುಹಿಸಲಾಯಿತು. ನೇಣು ಅಥವಾ ಸೂಜಿ ಎಂಬ ಆಯ್ಕೆಯನ್ನು ಸಮ್ಮತಿ ಎನ್ನಬಹುದೇ ಎಂಬ ಪ್ರಶ್ನೆ ಆಗ ದೊಡ್ಡದಾಗಿ ಏಳಲಿಲ್ಲ. 1796ರ ಮೇ 14ರಂದು ಜೆನ್ನರ್ ತನ್ನ ಮೊದಲ ಲಸಿಕೆಯನ್ನು ಹಾಕಿದ್ದು ತೋಟಗಾರನ ಮಗನಾದ ಎಂಟು ವರ್ಷದ ಜೇಮ್ಸ್ ಫಿಪ್ಸ್‌ನಿಗೆ. ಮುಂದೆ ಜುಲೈನಲ್ಲಿ ಅದೇ ಬಾಲಕನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿ ಪರೀಕ್ಷಿಸಲಾಯಿತು.

ಭಾರತಕ್ಕೆ ಈ ಲಸಿಕೆ ಬಂದದ್ದು ಮಕ್ಕಳ ತೋಳುಗಳ ಮೂಲಕ. ಶೀತಲೀಕರಣವಿಲ್ಲದ ಆ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಲಸಿಕೆಯನ್ನು ದಾಟಿಸಬೇಕಾಗಿತ್ತು. ಬಾಗ್ದಾದ್, ಬಸ್ರಾಗಳ ಮೂಲಕ ಬಂದ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಹಾಕಲಾಯಿತು. ದೇಶದಲ್ಲಿ ಹಬ್ಬಿದ ಲಸಿಕೆಗೆ ಆ ಮಗುವಿನ ತೋಳೇ ಮೂಲವಾಯಿತು. ಆದರೂ ಚರಿತ್ರೆಯಲ್ಲಿ ಉಳಿದದ್ದು ಅವಳ ಹೆಸರು ಮತ್ತು ಆ ತಾರೀಖು ಮಾತ್ರ.

ಮೈಸೂರಿನ ನಿದರ್ಶನ ಇದಕ್ಕಿಂತ ಭಿನ್ನವಾಗಿದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರವೊಂದರಲ್ಲಿರುವ ಮೂವರು ಸ್ತ್ರೀಯರು ಮೈಸೂರು ಅರಮನೆಯವರೆಂದೂ, ಅವರಲ್ಲಿ ಸೆರಗನ್ನು ತೋಳಿನಿಂದ ಸರಿಸಿ ನಿಂತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಎಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಲಸಿಕೆ ಹಾಕಿದ ಜಾಗವನ್ನು ತೋರಿಸುವುದೇ ಆ ಭಂಗಿಯ ಉದ್ದೇಶವೆಂಬುದು ಅವರ ವಾದ. ರಾಣಿಯೇ ತೋಳೊಡ್ಡಿದ್ದಾಳೆಂಬ ಸುದ್ದಿ ಪ್ರಜೆಗಳ ಅಳುಕನ್ನು ಕಡಿಮೆ ಮಾಡಬಲ್ಲದೆಂಬ ಲೆಕ್ಕಾಚಾರ ಇದರ ಹಿಂದಿದ್ದಿರಬೇಕು. ಮನಸ್ಸಿಗೆ ಆಸರೆ ಬೇಕೆಂಬ ಅರಿವು ಆಡಳಿತಕ್ಕೆ ಇತ್ತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅದು ಲಸಿಕೆಯನ್ನು ಒಪ್ಪಿಸುವ ಉಪಾಯವಾಗಿ ಬಳಕೆಯಾಯಿತೇ ಹೊರತು ಲಸಿಕೆ ಪಡೆದವರನ್ನು ನೋಡಿಕೊಳ್ಳುವ ವ್ಯವಸ್ಥೆಯಾಗಿ ಬೆಳೆಯಲಿಲ್ಲ.

ಮುಂದೆ 1865ರಲ್ಲಿ ಕಲ್ಕತ್ತೆಯಲ್ಲಿ ಟೀಕಾದಾರರ ವೃತ್ತಿ ಕಾಯಿದೆಯ ಮೂಲಕ ನಿಷೇಧಕ್ಕೊಳಗಾಯಿತು; 1880ರಲ್ಲಿ ಭಾರತದ ಲಸಿಕಾ ಕಾಯಿದೆ ಬಂದಿತು. ವೈದ್ಯಕೀಯವಾಗಿ ಇದಕ್ಕೆ ಬಲವಾದ ಕಾರಣವಿತ್ತು. ಟೀಕೆಯಿಂದ ಬರುವ ಸಿಡುಬು ಸೌಮ್ಯವಾದರೂ ನಿಜವಾದ ಸಿಡುಬೇ. ಅದು ಸುತ್ತಲಿನವರಿಗೆ ಹರಡಬಹುದಾಗಿತ್ತು, ಕೊಲ್ಲಲೂಬಹುದಾಗಿತ್ತು. ಆದರೆ ಅಪಾಯಕರವಾದ ಕೀವಿನೊಡನೆ ಅದರ ಸುತ್ತಲಿದ್ದ ಪರಿಶೀಲನೆ, ಸಂಗಾತ, ಮುಕ್ತಾಯಗಳೂ ಹೊರಟುಹೋದವು. ಆದರೂ ಜನಭಾಷೆಯು ಹಳೆಯ ನಂಟನ್ನು ಸುಲಭವಾಗಿ ಬಿಡಲಿಲ್ಲ. ಮರಾಠಿಯಲ್ಲಿ ಸಿಡುಬಿಗೂ ಅದರ ಲಸಿಕೆಗೂ ‘ದೇವಿ’ ಎಂಬ ಒಂದೇ ಮಾತು ಉಳಿದುಬಂದಿರುವುದು ಇದಕ್ಕೆ ಸಾಕ್ಷಿ.

3. ಹಾಫ್ಕಿನ್ ಮತ್ತು ನಂಬಿಕೆಯ ಪ್ರಶ್ನೆ

ಭಾರತದಲ್ಲಿ ಲಸಿಕೆಯ ಪ್ರಯೋಗವು ಇಂದಿನ ಅರ್ಥಕ್ಕೆ ಹತ್ತಿರವಾದುದು ವಾಲ್ಡೆಮಾರ್ ಹಾಫ್ಕಿನ್‌ನ ಕೆಲಸದಿಂದ. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿದ ಹಾಫ್ಕಿನ್ 1892ರ ಜುಲೈ 18ರಂದು ಅದನ್ನು ಮೊದಲು ತನಗೇ ಚುಚ್ಚಿಕೊಂಡನು. 1893ರಲ್ಲಿ ಭಾರತಕ್ಕೆ ಬಂದ ಅವನು ಮರುವರ್ಷ ಕಲ್ಕತ್ತೆಯ ಕಟ್ಟಾಲ್ ಬಾಗಾನ್ ಬಸ್ತಿಯಲ್ಲಿ ಸುಮಾರು 200 ನಿವಾಸಿಗಳ ಪೈಕಿ 116 ಮಂದಿಗೆ ಲಸಿಕೆ ಹಾಕಿದನು. ಆ ಬಳಿಕ ಅಲ್ಲಿ ಕಾಣಿಸಿಕೊಂಡ ಕಾಲರಾ ಪ್ರಕರಣಗಳೆಲ್ಲವೂ ಲಸಿಕೆ ಪಡೆಯದವರಲ್ಲಿಯೇ ಇದ್ದವು.

ಈ ಯಶಸ್ಸಿನ ಹಿಂದಿದ್ದ ಎರಡು ಸಂಗತಿಗಳು ಗಮನಾರ್ಹ. ಹಾಫ್ಕಿನ್ ತನ್ನ ಜೊತೆಗೆ ಚೌಧುರಿ, ಘೋಷ್, ಚಟರ್ಜಿ, ದತ್ತ ಮೊದಲಾದ ಭಾರತೀಯ ವೈದ್ಯರನ್ನು ಕರೆದೊಯ್ದನು. ಜನರ ಎದುರಿಗೇ ತನಗೆ ತಾನು ಲಸಿಕೆ ಚುಚ್ಚಿಕೊಂಡು ತೋರಿಸಿದನು. ಭಾಷೆ ಬಲ್ಲ ಮಧ್ಯಸ್ಥ ಮತ್ತು ಅಪಾಯವನ್ನು ಹಂಚಿಕೊಳ್ಳುವ ವೈದ್ಯ, ಇವರಿಬ್ಬರ ಸಮ್ಮುಖದಲ್ಲಿ ಬಸ್ತಿಯವರ ಹಿಂಜರಿಕೆ ಕರಗಿತು. ಟೀಕಾದಾರನು ಊರಿನವರಿಗೆ ಪರಿಚಿತನಾಗಿದ್ದುದರಿಂದ ದೊರೆಯುತ್ತಿದ್ದ ಭರವಸೆಯನ್ನು ಪರದೇಶದವನಾದ ಹಾಫ್ಕಿನ್ ಹೀಗೆ ಬೇರೊಂದು ದಾರಿಯಿಂದ ಗಳಿಸಬೇಕಾಯಿತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗಲೂ ಅವನು ಇದೇ ಕ್ರಮವನ್ನು ಅನುಸರಿಸಿದನು. 1897ರ ಜನವರಿ 10ರಂದು ತಾನೇ ಲಸಿಕೆ ಚುಚ್ಚಿಸಿಕೊಂಡು, ಜ್ವರ ನೋವುಗಳನ್ನು ಅನುಭವಿಸಿ, ತಿಂಗಳ ಕೊನೆಗೆ ಭಾಯಖಳಾ ಜೈಲಿನ ಕೈದಿಗಳಲ್ಲಿ ಮುಂದೆ ಬಂದವರಿಗೆ ಹಾಕಿದನು. ಲಸಿಕೆ ಪಡೆದ 147 ಮಂದಿಯಲ್ಲಿ ಇಬ್ಬರಿಗೆ ಪ್ಲೇಗು ತಗುಲಿತು, ಯಾರೂ ಸಾಯಲಿಲ್ಲ; ಪಡೆಯದ 172 ಮಂದಿಯಲ್ಲಿ ಹನ್ನೆರಡು ಮಂದಿಗೆ ತಗುಲಿ ಆರು ಮಂದಿ ಸತ್ತರು. ವಿಜ್ಞಾನದ ದೃಷ್ಟಿಯಿಂದ ಇದು ಮೌಲಿಕವಾದ ಫಲಿತಾಂಶ. ಆದರೆ ಜೈಲಿನೊಳಗೆ ‘ಮುಂದೆ ಬರುವುದು’ ಎಂದರೇನೆಂಬುದನ್ನು ನ್ಯೂಗೇಟಿನ ಹಿನ್ನೆಲೆಯಲ್ಲಿ ಕೇಳಲೇಬೇಕಾಗುತ್ತದೆ.

ಜೈಲಿನ ಹೊರಗೂ ಆಯ್ಕೆ ಸರಳವಾಗಿರಲಿಲ್ಲ. 1898ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ವೈದ್ಯಾಧಿಕಾರಿ ಲಾಯ್‌ಮನ್‌ನ ನೇತೃತ್ವದಲ್ಲಿ ಪಟ್ಟಣದ ಬಹುಪಾಲು ಜನರಿಗೆ ಪ್ಲೇಗಿನ ಲಸಿಕೆ ಹಾಕಲಾಯಿತು. ಒಂದೇ ಊರಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಅದು ನಡೆದ ಮೊದಲ ನಿದರ್ಶನಗಳಲ್ಲಿ ಹುಬ್ಬಳ್ಳಿಯೂ ಒಂದು. ಮನೆ ತೆರವು, ರೋಗಿಗಳ ಬಲವಂತದ ಸಾಗಣೆ, ಪ್ರತ್ಯೇಕ ಶಿಬಿರಗಳ ಭೀತಿ ಪ್ರಾಂತದಾದ್ಯಂತ ಕವಿದಿದ್ದ ದಿನಗಳವು. ಲಸಿಕೆ ಪಡೆದವರಿಗೆ ಇಂಥ ನಿರ್ಬಂಧಗಳಲ್ಲಿ ರಿಯಾಯಿತಿ ದೊರೆಯುತ್ತಿತ್ತು. ಶಿಬಿರದ ಭಯ ಸೂಜಿಯ ಭಯಕ್ಕಿಂತ ದೊಡ್ಡದಾದಾಗ ಜನ ತೋಳೊಡ್ಡಿದ್ದನ್ನು ನಂಬಿಕೆಯ ಕುರುಹೆಂದು ಮಾತ್ರ ಓದುವುದು ಸರಿಯಾಗದು.

ಆ ವರ್ಷಗಳ ವದಂತಿಗಳನ್ನು ಇಲ್ಲಿ ಪರಿಗಣಿಸಬೇಕು. ಡೇವಿಡ್ ಆರ್ನಾಲ್ಡ್ ತಮ್ಮ 1993ರ ‘ಕಲೊನೈಸಿಂಗ್ ದ ಬಾಡಿ’ ಗ್ರಂಥದಲ್ಲಿ ಪ್ಲೇಗಿನ ಕಾಲದ ಜನವದಂತಿಗಳನ್ನು ಚರ್ಚಿಸಿದ್ದಾರೆ. ಸೂಜಿ ಗಜದುದ್ದವಿದೆ, ಚುಚ್ಚಿದ ಕೂಡಲೇ ಸಾಯುತ್ತಾರೆ, ಆಸ್ಪತ್ರೆಯಲ್ಲಿ ಮನುಷ್ಯರ ಮೈಯಿಂದ ‘ಮೋಮಿಯಾಯಿ’ ಎಂಬ ಎಣ್ಣೆ ತೆಗೆಯುತ್ತಾರೆ ಎಂಬಂಥ ಮಾತುಗಳು ಹರಡಿದ್ದವು. ಅಧಿಕಾರಿಗಳಿಗೆ ಇವು ಅಜ್ಞಾನದ ಲಕ್ಷಣಗಳು. ಜಾನಪದ ಅಧ್ಯಯನದ ದೃಷ್ಟಿಯಿಂದ ಇವು ಎದುರಿಗೆ ಕೇಳಲಾಗದ ಪ್ರಶ್ನೆಗಳ ಮೌಖಿಕ ರೂಪಗಳು. ನಮ್ಮ ಮೈಯನ್ನು ಯಾರ ಲಾಭಕ್ಕೆ ಬಳಸುತ್ತಿದ್ದೀರಿ, ಅನಾಹುತವಾದರೆ ಹೊಣೆ ಯಾರು ಎಂಬ ಪ್ರಶ್ನೆಗಳೇ ಅವುಗಳೊಳಗಿದ್ದವು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿ ಎದ್ದುದನ್ನೂ ಇದೇ ಹಿನ್ನೆಲೆಯಲ್ಲಿ ನೋಡಬೇಕು. ಹೊಸ ರೋಗವನ್ನು ಹಳೆಯ ಅಮ್ಮಂದಿರ ಸಾಲಿಗೆ ಸೇರಿಸಿ, ಅದಕ್ಕೊಂದು ಹೆಸರು, ಒಂದು ಪೂಜೆ, ಒಂದು ಕೊನೆಯನ್ನು ಜನ ತಾವೇ ಕಟ್ಟಿಕೊಂಡರು.

ವದಂತಿಯಲ್ಲಿದ್ದ ಭಯ ಪೂರ್ತಿ ನಿರಾಧಾರವಲ್ಲವೆಂಬುದನ್ನು ಪಂಜಾಬಿನ ಮಲ್ಕೋವಾಲ್ ಗ್ರಾಮ ತೋರಿಸಿತು. 1902ರ ಅಕ್ಟೋಬರ್ 30ರಂದು ಅಲ್ಲಿ ಲಸಿಕೆ ಪಡೆದ 107 ಮಂದಿಯಲ್ಲಿ ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಆರೋಪಮುಕ್ತನಾದದ್ದು 1907ರಲ್ಲಿ. ಅವನ ನಿರ್ದೋಷಿತ್ವದ ಹೋರಾಟದ ಬಗ್ಗೆ ಬರವಣಿಗೆ ಸಾಕಷ್ಟಿದೆ; ಮಲ್ಕೋವಾಲಿನಲ್ಲಿ ಉಳಿದವರು ಆ ವಾರಗಳನ್ನು ಹೇಗೆ ಕಳೆದರೆಂಬುದು ಆ ಬರವಣಿಗೆಯ ವಸ್ತುವಾಗಲಿಲ್ಲ.

4. ಸಮ್ಮತಿಯಿಂದ ಆಸರೆಯತ್ತ

ಪ್ರಯೋಗಕ್ಕೊಳಗಾದವರ ಮನಸ್ಸು ನೀತಿಸಂಹಿತೆಯ ಭಾಷೆಯೊಳಗೆ ಸ್ಪಷ್ಟವಾಗಿ ಪ್ರವೇಶಿಸಿದ್ದು ಒಂದು ಮಹಾ ಅನಾಹುತದ ನಂತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬುಖೆನ್‌ವಾಲ್ಡ್ ಯಾತನಾಶಿಬಿರದಲ್ಲಿ ಟೈಫಸ್ ಲಸಿಕೆಯ ಪರೀಕ್ಷೆಗಾಗಿ ಬಂದಿಗಳಿಗೆ ರೋಗವನ್ನೇ ಅಂಟಿಸಲಾಗಿತ್ತು. ಇಂಥ ಕೃತ್ಯಗಳ ವಿಚಾರಣೆಯ ಫಲವಾಗಿ 1947ರ ಆಗಸ್ಟ್‌ನಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದು ಸ್ವಇಚ್ಛೆಯ ಸಮ್ಮತಿ. ಅನಗತ್ಯವಾದ ದೈಹಿಕ ಮತ್ತು ಮಾನಸಿಕ ಯಾತನೆಯನ್ನು ತಪ್ಪಿಸಬೇಕೆಂದು ನಾಲ್ಕನೆಯ ಸೂತ್ರವೂ, ದೈಹಿಕವಾಗಿ ಅಥವಾ ಮಾನಸಿಕವಾಗಿ ಮುಂದುವರಿಯಲಾರೆನೆಂಬ ಸ್ಥಿತಿ ಬಂದಾಗ ಪ್ರಯೋಗದಿಂದ ಹೊರಬರುವ ಸ್ವಾತಂತ್ರ್ಯವಿರಬೇಕೆಂದು ಒಂಬತ್ತನೆಯ ಸೂತ್ರವೂ ಹೇಳುತ್ತವೆ. ಮುಂದಿನ ದಶಕಗಳಲ್ಲಿ ಮೊದಲ ಸೂತ್ರವು ಸಹಿ ಮಾಡುವ ಹಾಳೆಯಾಗಿ ಎಲ್ಲೆಡೆ ಬಳಕೆಗೆ ಬಂದಿತು. ಉಳಿದೆರಡು ಆಚರಣೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಿತು.

ಭಾರತದಲ್ಲಿ ಆಪ್ತಸಮಾಲೋಚನೆಯು ಲಸಿಕೆಯ ಪ್ರಯೋಗದ ಅವಿಭಾಜ್ಯ ಅಂಗವಾಗಿ ಕಾಣಿಸಿಕೊಂಡದ್ದು ಎಚ್‌ಐವಿ ಲಸಿಕೆಯ ಸಂದರ್ಭದಲ್ಲಿ. 2005ರ ಫೆಬ್ರವರಿಯಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿಯೂ, 2006ರಲ್ಲಿ ಚೆನ್ನೈನ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿಯೂ ಮೊದಲ ಹಂತದ ಪ್ರಯೋಗಗಳು ಆರಂಭವಾದವು. ಸ್ವಯಂಸೇವಕರ ಸಂಖ್ಯೆ ಎರಡೂ ಕಡೆ ಕೆಲವೇ ಹತ್ತುಗಳಷ್ಟು. ಈ ಬಗೆಯ ಪ್ರಯೋಗದಲ್ಲಿ ದೇಹಕ್ಕಿಂತ ಮನಸ್ಸು ಮತ್ತು ಸಾಮಾಜಿಕ ಬದುಕುಗಳ ಅಪಾಯ ಹೆಚ್ಚಾಗಿರುತ್ತದೆ. ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿ, ಸೋಂಕಿಲ್ಲದಿದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ‘ಎಚ್‌ಐವಿ ಇದೆ’ ಎಂಬ ಫಲಿತಾಂಶ ಬರಬಹುದು. ನೌಕರಿ, ಮದುವೆ, ವಿಮೆಗಳಲ್ಲಿ ಅದು ತೊಡಕಾಗಬಹುದು. ಪ್ರಯೋಗಕ್ಕೆ ಸೇರಿದ ಸುದ್ದಿಯೇ ಅನುಮಾನಕ್ಕೆ ಎಡೆ ಮಾಡಬಹುದು. ಆದುದರಿಂದ ಎಚ್‌ಐವಿ ಲಸಿಕೆಯ ಪ್ರಯೋಗಗಳಲ್ಲಿ ಸೇರುವ ಮೊದಲು ಹಲವು ಭೇಟಿಗಳು, ಹೇಳಿದ್ದು ಅರ್ಥವಾಗಿದೆಯೇ ಎಂದು ನೋಡುವ ಪ್ರಶ್ನಾವಳಿ, ರಕ್ತಪರೀಕ್ಷೆಯ ಮುನ್ನ ಮತ್ತು ನಂತರದ ಸಮಾಲೋಚನೆ, ಸ್ಥಳೀಯರ ಸಲಹಾ ಮಂಡಳಿ ಇವು ಕ್ರಮವಾಗಿ ರೂಢಿಗೊಂಡವು. ಬಾಗಿಲಲ್ಲಿ ನಿಂತು ಪಥ್ಯವನ್ನು ವಿಚಾರಿಸುತ್ತಿದ್ದ ಟೀಕಾದಾರನ ಕಾರ್ಯ ಇಲ್ಲಿ ಹೊಸ ರೂಪದಲ್ಲಿ ಮರಳಿತೆನ್ನಬಹುದು.

ಈ ಎಚ್ಚರ ಎಲ್ಲೆಡೆ ಉಳಿಯಲಿಲ್ಲ. 2009ರಲ್ಲಿ ಆಂಧ್ರಪ್ರದೇಶದ ಖಮ್ಮಂ ಹಾಗೂ ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ‘ಪ್ರಾತ್ಯಕ್ಷಿಕೆ ಯೋಜನೆ’ಯ ಹೆಸರಿನಲ್ಲಿ ಹಾಕಲಾಯಿತು. ಏಳು ಬಾಲಕಿಯರ ಸಾವು ವರದಿಯಾದ ಬಳಿಕ 2010ರಲ್ಲಿ ಯೋಜನೆ ನಿಂತಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲವೆಂದು ವಿಚಾರಣಾ ಸಮಿತಿ ಹೇಳಿತಾದರೂ, ಅನೇಕ ಕಡೆ ತಂದೆತಾಯಿಗಳ ಬದಲು ವಸತಿನಿಲಯದ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಮ್ಮತಿಪತ್ರಕ್ಕೆ ಸಹಿ ಹಾಕಿದ್ದುದು ಬೆಳಕಿಗೆ ಬಂದಿತು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ತೀವ್ರವಾಗಿ ಟೀಕಿಸಿತು. ಮನೆಯಿಂದ ದೂರವಿದ್ದ ಆ ಮಕ್ಕಳ ಭಯವನ್ನು ಕೇಳುವವರು ಅಲ್ಲಿ ಇರಲಿಲ್ಲ ಎಂಬುದೇ ಆ ಸಹಿಗಳ ಅರ್ಥ. ಅನಂತರ ಸಮ್ಮತಿಯ ಪ್ರಕ್ರಿಯೆಯನ್ನು ದೃಶ್ಯ ಮತ್ತು ಧ್ವನಿಗಳಲ್ಲಿ ದಾಖಲಿಸುವ ನಿಯಮ ಬಂದಿತು. 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಹಾನಿಗೊಳಗಾದವರಿಗೆ ಉಚಿತ ಚಿಕಿತ್ಸೆ ಹಾಗೂ ಪರಿಹಾರವನ್ನು ವಿಧಿಸಿದವು.

5. ಕೋವಿಡ್ ಕಾಲದ ಪಾಠಗಳು

2020ರ ಜುಲೈನಲ್ಲಿ ಕೋವ್ಯಾಕ್ಸಿನ್ ಲಸಿಕೆಯ ಮಾನವ ಪ್ರಯೋಗಕ್ಕೆ ಆರಿಸಲಾದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದೂ ಸೇರಿತ್ತು. ಮೊದಲ ಹಂತದಲ್ಲಿ ದೇಶದಾದ್ಯಂತ 375 ಮಂದಿ ಪಾಲ್ಗೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಆರಂಭವಾದ ಮೂರನೆಯ ಹಂತದಲ್ಲಿ 25,800 ಮಂದಿ. ಮೂರನೆಯ ಹಂತದವರಲ್ಲಿ ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಹುಸಿಮದ್ದು. ತನಗೆ ಸಿಕ್ಕಿದ್ದು ಯಾವುದೆಂಬುದು ಸ್ವಯಂಸೇವಕನಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಚಿಕಿತ್ಸೆಗೂ ಪ್ರಯೋಗಕ್ಕೂ ಇರುವ ವ್ಯತ್ಯಾಸ ಮನಸ್ಸಿನಲ್ಲಿ ಅಳಿಸಿಹೋಗುವ ಸಂಭವ ಇಂಥ ಸಂದರ್ಭದಲ್ಲಿಯೇ ಹೆಚ್ಚು. ವೈದ್ಯನು ಮಾಡುವುದೆಲ್ಲ ತನ್ನ ಹಿತಕ್ಕಾಗಿಯೇ ಎಂದು ಸ್ವಯಂಸೇವಕ ನಂಬುವ ಈ ತಪ್ಪುಗ್ರಹಿಕೆಗೆ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲಿಯೇ ಹೆಸರಿಟ್ಟು ಚರ್ಚಿಸಿದ್ದರು.

ಮನಸ್ಸಿನ ಪಾತ್ರ ಎಷ್ಟು ದೊಡ್ಡದೆಂಬುದನ್ನು 2022ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. ಹನ್ನೆರಡು ಕೋವಿಡ್ ಲಸಿಕಾ ಪ್ರಯೋಗಗಳ ನಲವತ್ತೈದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಅದು ಪರಿಶೀಲಿಸಿತ್ತು. ಮೊದಲ ಚುಚ್ಚಿನ ನಂತರ ಹುಸಿಮದ್ದು ಪಡೆದವರಲ್ಲಿಯೂ ಶೇ. 35ರಷ್ಟು ಮಂದಿ ತಲೆನೋವು, ಆಯಾಸ ಮೊದಲಾದ ತೊಂದರೆಗಳನ್ನು ವರದಿ ಮಾಡಿದ್ದರು. ಈ ನೋವುಗಳು ಸುಳ್ಳಲ್ಲ. ಆತಂಕ, ನಿರೀಕ್ಷೆ ಹಾಗೂ ದಿನನಿತ್ಯದ ಬಾಧೆಗಳ ಮೇಲಿನ ಅತಿಯಾದ ಗಮನ ಅವುಗಳಿಗೆ ಕಾರಣವಾಗಬಲ್ಲವು. ಹೀಗಾಗಿ ಸ್ವಯಂಸೇವಕನ ಆತಂಕವನ್ನು ವಿಚಾರಿಸುವುದು ಕೇವಲ ಕರುಣೆಯ ಮಾತಲ್ಲ, ಪ್ರಯೋಗದ ಸತ್ಯಾಸತ್ಯತೆಯ ಮಾತೂ ಹೌದು.

2021ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 18ರಿಂದ 30 ವರ್ಷದ 36 ಮಂದಿ ಸ್ವಯಂಸೇವಕರ ಮೂಗಿಗೆ ಕೊರೋನಾ ವೈರಾಣುವನ್ನೇ ಹನಿಸಿ ನಡೆಸಿದ ಅಧ್ಯಯನವು, ಮುಂದೆ ಲಸಿಕೆಗಳನ್ನು ಪರೀಕ್ಷಿಸುವ ದಾರಿಯನ್ನು ಸಿದ್ಧಪಡಿಸುವ ಉದ್ದೇಶದ್ದು. ಅಲ್ಲಿ ಖಿನ್ನತೆ ಮತ್ತು ಆತಂಕಗಳನ್ನು ಅಳೆಯುವ ಪ್ರಶ್ನಾವಳಿಗಳು ಆಯ್ಕೆಯ ಭಾಗವಾಗಿದ್ದವು. ಎರಡು ವಾರಗಳಿಗೂ ಹೆಚ್ಚು ಕಾಲ ಒಂದೇ ಕೋಣೆಯಲ್ಲಿ, ರೋಗವನ್ನು ಎದುರು ನೋಡುತ್ತ ಕಳೆಯಬೇಕಾದವರ ಮನೋಬಲವನ್ನು ಮೊದಲೇ ಅರಿಯುವುದು ಅನಿವಾರ್ಯವೆಂಬುದು ಅಲ್ಲಿ ಒಪ್ಪಿತವಾಗಿತ್ತು.

6. ಸಮಾರೋಪ

ಮೇಲಿನ ಅವಲೋಕನದಿಂದ ಟೀಕಾದಾರನ ಕಾಲಕ್ಕೆ ಮರಳಬೇಕೆಂಬ ನಿರ್ಣಯ ಹೊರಡುವುದಿಲ್ಲ. ಆ ವಿಧಿಯಲ್ಲಿ ಮಗುವಿಗೆ ‘ಬೇಡ’ ಎನ್ನುವ ಅವಕಾಶವಿರಲಿಲ್ಲ. ಅಪಾಯದ ಪ್ರಮಾಣವನ್ನು ತಿಳಿಸುವ ಸಾಧನವೂ ಇರಲಿಲ್ಲ. ಒಪ್ಪಿಗೆಯನ್ನು ನೀಡುವ ಮತ್ತು ಹಿಂತೆಗೆದುಕೊಳ್ಳುವ ಹಕ್ಕು ಆಧುನಿಕ ಕಾಲದ ನಿಜವಾದ ಗಳಿಕೆ.

ಆದರೆ ಜನಪದ ವಿಧಿಯ ಮೂರು ಅಂಗಗಳ ಪೈಕಿ ಪರಿಶೀಲನೆಯು ಪ್ರಶ್ನಾವಳಿಯಾಗಿ ಮರಳಿದೆ. ಸಂಗಾತವು ಸಮಾಲೋಚಕ, ದೂರವಾಣಿ, ದಿನಚರಿಯ ಪುಸ್ತಕಗಳ ರೂಪದಲ್ಲಿ ಭಾಗಶಃ ಮರಳಿದೆ. ಮೂರನೆಯದಾದ ಮುಕ್ತಾಯ ಇನ್ನೂ ದುರ್ಬಲವಾಗಿದೆ. ಅಧ್ಯಯನದ ಫಲಿತಾಂಶವನ್ನು ತಿಳಿಯುವ ಅವಕಾಶ ಪಾಲ್ಗೊಂಡವರಿಗೆ ಇರಬೇಕೆಂದು ಹೆಲ್ಸಿಂಕಿ ಘೋಷಣೆಯ 2013ರ ಪರಿಷ್ಕರಣೆ ಹೇಳುತ್ತದೆ. ಫಲಿತಾಂಶವು ಪತ್ರಿಕೆಯಲ್ಲಿ ಅಚ್ಚಾಗುವುದು ಒಂದು ಬಗೆ. ಮೈಯೊಡ್ಡಿದ ವ್ಯಕ್ತಿಯ ಮನೆಗೆ, ಅವನ ಭಾಷೆಯಲ್ಲಿ, ‘ನಿನ್ನ ಪಾಲು ಇಷ್ಟು, ಅದು ಹೀಗೆ ಫಲಿಸಿತು, ಅಪಾಯ ಕಳೆಯಿತು’ ಎಂಬ ಮಾತು ತಲುಪುವುದು ಇನ್ನೊಂದು ಬಗೆ. ಅಮ್ಮನನ್ನು ಬೀಳ್ಕೊಡುವ ಆಚರಣೆಯಲ್ಲಿ ಜನಪದರು ಕಂಡುಕೊಂಡಿದ್ದು ಈ ಎರಡನೆಯದನ್ನು. ಅದು ದೊರೆಯದ ಕಡೆ ಪ್ರಯೋಗ ವಿಜ್ಞಾನಿಗೆ ಮುಗಿದಿರುತ್ತದೆ, ಸ್ವಯಂಸೇವಕನಿಗೆ ಮುಗಿದಿರುವುದಿಲ್ಲ. ಮುಗಿಯದೆ ಉಳಿದುದು ಊರಿನಲ್ಲಿ ವದಂತಿಯಾಗಿ, ಮುಂದಿನ ಲಸಿಕೆಯ ಮೇಲಿನ ಅಪನಂಬಿಕೆಯಾಗಿ ಬೆಳೆಯುತ್ತದೆ. ಭಾಯಖಳಾದ 147 ಕೈದಿಗಳಿಂದ ಬೆಳಗಾವಿಯ ಸ್ವಯಂಸೇವಕರವರೆಗೆ ಈ ಚರಿತ್ರೆಯನ್ನು ಬರೆಯುವವರು ಅವರ ಜ್ವರದ ಅಂಕಿಗಳ ಜೊತೆಗೆ ಅವರ ಮಾತುಗಳನ್ನೂ ಸಂಗ್ರಹಿಸುವುದು ಅಗತ್ಯ. ಆ ಮಾತುಗಳು ಮೌಖಿಕ ಪರಂಪರೆಯಲ್ಲಿಯೇ ಇರುವುದರಿಂದ ಆ ಕೆಲಸದಲ್ಲಿ ವೈದ್ಯಶಾಸ್ತ್ರದ ಜೊತೆಗೆ ಜಾನಪದ ಅಧ್ಯಯನಕ್ಕೂ ಹೊಣೆಯಿದೆ.